ಮೈನಸ್ ಎರಡು ಕಿಲೊ

ಬಂದದ್ದನ್ನೆಲ್ಲ ನಂಬಬೇಡ, ಅಂದ ಯೆರ್ಕೊ.
ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುವ ಹುಡುಗ,
ಸಂಜೆ ಲೈಬ್ರರಿಗೆ ಬಂದು ನನಗೆ ಸರ್ವರಿನ ಭಾಷೆ ಕಲಿಸುತ್ತಾನೆ.
ಐವತ್ತಾರು ವರ್ಷ ನನಗೆ. ಅಚಾವೊ ಊರಿನಲ್ಲಿ
ಕಾರ್ಡಿಲ್ಲದವರಿಗೂ ಪುಸ್ತಕ ಕೊಟ್ಟು ಕಳಿಸಿದವಳು,
ನಂಬದಿರುವುದನ್ನು ಈಗ ಕಲಿಯಬೇಕಂತೆ.

ವಿಷಯ ಇಷ್ಟೇ: ಬಿತ್ತನೆ ಆಲೂಗಡ್ಡೆ.
ಚಿಲೊಯೆಯಲ್ಲಿ ದ್ವೀಪಕ್ಕೊಂದು ಬಣ್ಣ, ಕಪ್ಪು ಮಿಚುನ್ಯೆ,
ಗಂಟುಗಂಟಾದ ಬ್ರುಹಾ, ಅಂದರೆ ಮಾಟಗಾತಿ,
ಆ ಹೆಸರು ಯಾಕೆಂದು ಸುಲಿಯುವ ಬೆರಳಿಗೆ ಗೊತ್ತು.
ಯಾರಿಗೆ ಯಾವುದು, ಎಷ್ಟು ಕಿಲೊ
ಎಂದು ಕೇಳಲು ಒಂದು ಫಾರ್ಮು.
ನಾಲ್ಕು ಚೌಕ, ಒಂದು ಗುಂಡಿ.

ಚೌಕ ಬರೆಯುವುದು ಸುಲಭ.
ಗುಂಡಿ ಒತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ
ಅನ್ನುವುದೇ ವಿದ್ಯೆ.
ಆ ಕಡೆ ಯಾರೋ ಕೂತಿರಬೇಕು,
ಇಲ್ಲದಿದ್ದರೆ ಅದು ಗೋಡೆಗೆ ಕೊಟ್ಟ ಕಾಗದ.
ಆ ಯಾರೋ ಅಂದರೆ ನಾನೇ ಬರೆದ ಹದಿನೇಳು ಸಾಲು:
ಕೈ ಚಾಚು. ತೆಗೆದುಕೊ. ಬಿಚ್ಚಿ ನೋಡು.
ಹೆಸರಿದೆಯೇ? ಹಿಂದೆ ಮುಂದೆ ಅಂಟಿದ ಖಾಲಿ ಜಾಗ ಕೊಡವು.
ಕಿಲೊ ಅಂಕಿಯೇ, ಅಕ್ಷರವೇ?
ತಪ್ಪಿದ್ದರೆ ಹಿಂದಕ್ಕೆ ಕಳಿಸು,
ಆದರೆ ಅವರು ತುಂಬಿದ್ದನ್ನು ಅಳಿಸಿ ಕಳಿಸಬೇಡ.
ಈ ಕೊನೆಯದು ಯೆರ್ಕೊ ಹೇಳಿದ್ದಲ್ಲ,
ತೆರಿಗೆ ಕಚೇರಿಯ ಸಾಲಿನಲ್ಲಿ ನಿಂತು ನಾನೇ ಕಲಿತದ್ದು.

ಮೊದಲ ದಿನ ಹನ್ನೊಂದು ಬಂತು. ಆರು ಬರೀ ಖಾಲಿ,
ಯಾರೋ ಬಾಗಿಲು ತಟ್ಟಿ ಓಡಿಹೋದ ಹಾಗೆ.
ಎರಡನೆಯ ದಿನ ಎಲ್ಲ ನಿಂತಿತು,
ಪರದೆ ತುಂಬ ಇಂಗ್ಲಿಷಿನ ಬೈಗುಳ.
ರಾತ್ರಿ ಒಂಬತ್ತರವರೆಗೆ ಹುಡುಕಿದೆವು. ಒಲೆಗೆ ಸೌದೆ ಮುಗಿಯಿತು.
ವಿಳಾಸದ ಚೌಕದಲ್ಲಿ: ಓ'ಹಿಗ್ಗಿನ್ಸ್ ಬೀದಿ.
ಓ ಆದ ಮೇಲೆ ಮೇಲ್ಗಡೆ ತೂಗುವ ಒಂದು ಸಣ್ಣ ಗೆರೆ.
ಅದನ್ನು ಕಂಡು ಡೇಟಾಬೇಸು, ಮಾತು ಮುಗಿಯಿತೆಂದು ತಿಳಿದು
ಮುಂದಿನ ಅಕ್ಷರಗಳನ್ನು ಅಪ್ಪಣೆ ಅಂದುಕೊಂಡಿತು.
ಈ ದೇಶದಲ್ಲಿ ಆ ಬೀದಿ ಇಲ್ಲದ ಊರು ಹುಡುಕಬೇಕು.
ಕೊಕ್ಕೆ ಹಾಕುವವರು ಕಚೇರಿಗಳಲ್ಲಿರುತ್ತಾರೆ, ಗೊತ್ತಿತ್ತು.
ಬೀದಿಯ ಹೆಸರಲ್ಲೂ ಒಂದು ಕೂತಿರುತ್ತದೆಂದು ಗೊತ್ತಿರಲಿಲ್ಲ.
ಅಪ್ಪಣೆ ನಿನ್ನದು, ಮೊದಲೇ ಬರೆದಿಡು, ಅಂದ ಯೆರ್ಕೊ,
ಅವರ ಮಾತಿಗೆ ನಡುವೆ ಜಾಗ ಬಿಡು,
ಒಂದು ಪ್ರಶ್ನೆ ಚಿಹ್ನೆಯಷ್ಟು. ಎರಡನ್ನೂ ಕಲಸಬೇಡ.

ಆಮೇಲೆ ದೋನ್ ಎಲಿಯೊದೊರೊ ಚಿಗುವಾಯ್.
ಮೂರು ಕಿಲೊ ಬೇಕಿದ್ದವನ ಹೆಸರಲ್ಲಿ ಇಪ್ಪತ್ತೊಂದು.
ನೆಟ್‌ವರ್ಕ್ ನಿಧಾನ, ಏಳು ಸಲ ಒತ್ತಿದ್ದ.
ಕೇಳಿದರೆ, ಒಳಗಿನಿಂದ ಸದ್ದಿಲ್ಲದ ಮನೆಯ ಬಾಗಿಲು
ಒಂದೇ ಸಲ ತಟ್ಟಿ ಸುಮ್ಮನಿರುತ್ತಾರೆಯೇ, ಅಂದ.
ನ್ಯಾಯವೇ. ಈಗ ತೆಗೆದುಕೊಂಡ ಕೂಡಲೇ
ಅವರನ್ನು ಬೇರೆ ಪುಟಕ್ಕೆ ಕರೆದೊಯ್ದು ಹೇಳುತ್ತೇವೆ: ಮುಟ್ಟಿತು.

ತಳ್ಳಿಹಾಕಿದವುಗಳ ಪಟ್ಟಿಯೊಂದು ಇತ್ತು. ಓದುತ್ತಿರಲಿಲ್ಲ.
ಕಸ ಯಾರು ಓದುತ್ತಾರೆ?
ಆಗಸ್ಟಿನ ಒಂದು ಶುಕ್ರವಾರ, ಗಾಳಿಗೆ ಹೆದರಿ
ಯಾರೂ ಪುಸ್ತಕ ಕೇಳದ ಮಧ್ಯಾಹ್ನ, ತೆರೆದೆ.
ಓತಿಲಿಯಾ ನಾವೆಲ್ಕಿನ್, ಲಿನ್‌ಲಿನ್ ದ್ವೀಪ.
ತಳಿ: ಅಮ್ಮನದು.
ಕಿಲೊ: ಮೈನಸ್ ಎರಡು.
ನಾಲ್ಕು ದಿನದಲ್ಲಿ ಒಂಬತ್ತು ಸಲ.
ಒಂಬತ್ತು ಸಲವೂ ನನ್ನ ಹದಿನೇಳು ಸಾಲು
ಅವಳಿಗೆ ಬಲು ವಿನಯದಿಂದ ಹೇಳಿದ್ದವು:
ದಯವಿಟ್ಟು ಸೊನ್ನೆಗಿಂತ ಹೆಚ್ಚಿನ ಅಂಕಿ ಬರೆಯಿರಿ.
ಐದನೆಯ ಸಲ ವಿಳಾಸದ ಪಕ್ಕ ಸೇರಿಸಿದ್ದಳು:
ಕೇಳುತ್ತಿಲ್ಲ ತಾಯಿ, ಕೊಡುತ್ತಿದ್ದೇನೆ.
ಒಂಬತ್ತನೆಯ ಸಲ: ಮೊಳಕೆ ಬರುತ್ತಿದೆ.

ಯೆರ್ಕೊಗೆ ಫೋನ್ ಮಾಡಲಿಲ್ಲ.
ಹದಿನಾಲ್ಕನೆಯ ಸಾಲಿನ 'ಸೊನ್ನೆಗಿಂತ ಹೆಚ್ಚು' ಅಳಿಸಿ
'ಸೊನ್ನೆಯಲ್ಲದ್ದು' ಎಂದು ತಿದ್ದಿದೆ.
ಸರಿಯಾದ ದಾರಿಯಲ್ಲ. ಕೊಡುವವರಿಗೆ ಬೇರೆ ಚೌಕವೇ ಬೇಕು,
ನಾಳೆ ಯಾರದೋ ಬೆರಳು ತಪ್ಪಿದರೆ ಲೆಕ್ಕ ಹಾಳು.
ಸೋಮವಾರ ಬರೆಯುತ್ತೇನೆ.
ಲಿನ್‌ಲಿನ್‌ಗೆ ನಾಲ್ಕೂವರೆಗೆ ದೋಣಿ ಇದೆ.
ಖಾಲಿ ಚೀಲವೊಂದನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡಿದ್ದೇನೆ.