ಅರ್ಧ ಇಳಿದ ಶಟರ್

ಬಾಗಲಕೋಟಿ ನವನಗರ, ಇಪ್ಪತ್ತೊಂಬತ್ತನೇ ಸೆಕ್ಟರ್.
ಹತ್ತರ ಮ್ಯಾಲೆ ಹುಡುಗರೆಲ್ಲ ಹೋದ್ರಂದ್ರ
ಶಟರ್ ಅರ್ಧ ಇಳಸ್ತೀನಿ.
ಚಿಲ್ಲರಿ ಎಣಿಸಿ, ಶೇಂಗಾ ಸಿಪ್ಪಿ ಗುಡಿಸಿ
ಮೂಲ್ಯಾಗಿನ ಮಷಿನ್ನಿಗೆ ನಂದ ಐದು ರೂಪಾಯಿ ಹಾಕ್ತೀನಿ.
ಮಾಲಕಗ ಲೆಕ್ಕ ಅಂದ್ರ ಲೆಕ್ಕ.

ನೀರ ಮ್ಯಾಲೆ ಓಡು ಗಾಡಿ.
ಈಜಾಕ ಬರೂದಿಲ್ಲ ನನಗ,
ಹಿನ್ನೀರಿಗೆ ಮನಿ ಬಿಟ್ಟು ಬಂದ ಮಂದಿ ನಾವು.
ಇಲ್ಲಿ ಮುಳುಗಿದ್ರ, ಮೂರು ಎಣಿಸೂದ್ರಾಗ
ಒಣಾ ಸೀರ್ಯಾಗ ಮತ್ತ ಎದ್ದು ಕುಂತಿರ್ತೀನಿ.

ಕಾರಿನ ಆಟ ಸರಳ,
ರಸ್ತೆ ನಿಂತಲ್ಲೇ ನಿಂತಿರ್ತೈತಿ.
ನೀರು ಹಂಗಲ್ಲ,
ನಿನ್ನಿ ತಿರುವಿನ್ಯಾಗ ನಿನ್ನಿ ತೆರಿ ಇರೂದಿಲ್ಲ.
ಬ್ರೇಕಿಲ್ಲ. ಕೆಂಪು ಬುರುಡಿಗೆ ಬಲಕ್ಕ, ಹಳದಿಗೆ ಎಡಕ್ಕ,
ತಪ್ಪಿದ್ರ ಎಂಜಿನ್ನು ಮುನಿಸಿಕೊಂಡ ಎಮ್ಮಿ ಆಗತೈತಿ.
ತೆರಿ ಏರಿದಾಗ ಹಿಡಿಕಿ ಸಡಿಲ ಬಿಡಬೇಕು,
ಬಿಗಿ ಹಿಡದವರು ಮಗಚಿ ಬೀಳ್ತಾರ.
ಇಷ್ಟು ಕಲಿಯಾಕ ನೂರಾ ನಲವತ್ತು ರೂಪಾಯಿ ಹೋದುವು.

ನಾಕನೇ ನಂಬರಿನ ನೀಲಿ ಅಂಗಿಯಾಂವ
ಯಾವಾಗ್ಲೂ ಒಂದು ಮಾರು ಮುಂದ.
ಅವನ್ನ ಓಡಸೂದು ಮಷಿನ್ನ, ಗೊತ್ತೈತಿ,
ಆದ್ರೂ ಬೈತೀನಿ, ಊರ ಬೈಗಳ ಪೂರಾ.

ಮನ್ನಿ ಅವನ್ನ ಹಿಂದ ಹಾಕಿ
ಕಡೀ ಬುರುಡಿ ಇನ್ನೇನು ಬಂತು ಅನ್ನೂದ್ರಾಗ
ಕರೆಂಟ್ ಹೋತು.
ಕತ್ತಲ್ಯಾಗ ಮೊಣಕೈ ಇನ್ನೂ ವಾಲೇ ಇತ್ತು.

ನಿನ್ನಿ ಗೆದ್ನಿ. ಮೂರಕ್ಷರ ಹೆಸರು ಬರಿ ಅಂತು.
ಕಸ್ತೂರೆವ್ವ ಹಿಡಿಸಲಿಲ್ಲ: ಕೆ, ಎಸ್, ವಿ.

ಮುಂಜಾನಿ ಮಷಿನ್ ಮುಂದ ಹುಡುಗರ ಗುಂಪು.
“ಯಾರಲೇ ಈ ಕೆಎಸ್‌ವಿ? ಹುಬ್ಬಳ್ಳ್ಯಾಂವ ಇರಬೇಕು.”
ಇರಬೇಕು, ಅಂದ್ನಿ.
ಹತ್ತರ ನೋಟಿಗೆ ಎರಡು ನಾಣ್ಯ ಎಣಿಸಿ ಕೊಟ್ನಿ.