ಇಲಿ ತಿಂದ ಹೂವು

ಉಚ್ಚಿಲದ ಉಮ್ಮಾಲಿಮ್ಮ ರಿಕ್ಷಾದಲ್ಲಿ ಕಳಿಸಿದ್ದಾರೆ
ಇಬ್ಬರ ಜಾಗ ಹಿಡಿದು ಕೂತ ರತ್ನಗಂಬಳಿ.
"ವಾರಿಜಾ, ಇಲಿ ತಿಂದಿದೆ. ನೀನು ಮಗ್ಗದವಳು. ನೋಡು."
ಚೀಟಿಯಲ್ಲಿ ಇಷ್ಟೇ.

ನೋಡಿದೆ.
ಅವರ ಅಜ್ಜನ ಮಂಜಿಯಲ್ಲಿ ಮಂಗಳೂರಿನ ಹಂಚು ಬಸ್ರಾಕ್ಕೆ ಹೋಗಿ
ಬರುವಾಗ ಖರ್ಜೂರದ ಮೂಟೆಗಳ ಮೇಲೆ
ಮಲಗಿ ಬಂದದ್ದಂತೆ ಇದು.
ಮೂಲೆಯಲ್ಲಿ ಇನ್ನೂ ಒಂದಿಷ್ಟು ಸಿಹಿ; ಇಲಿಗೆ ಅಷ್ಟು ಸಾಕು.
ಅಂಚಿನ ಸಾಲಿನಲ್ಲಿ ಆರು ಹೂ ಇಲ್ಲ.

ಎಂಥ ಹೂವೋ. ದಾಸವಾಳ ಅಲ್ಲ, ತಾವರೆಯೂ ಅಲ್ಲ,
ಎಂಟು ಎಸಳು, ನಡುವೆ ನೀಲಿ ಕಣ್ಣು,
ನಮ್ಮ ಬೇಲಿಯಲ್ಲಿ ಯಾವತ್ತೂ ಅರಳದ್ದು.
ನೆಯ್ದವಳಾದರೂ ಅದನ್ನು ಕಂಡಿದ್ದಳೋ,
ಅತ್ತೆಯ ಬಾಯಿಲೆಕ್ಕ ಕೇಳಿ ಕೇಳಿ ಕಟ್ಟಿದಳೋ.

ನನಗೆ ಗೊತ್ತಿರುವುದು ಕುಣಿಮಗ್ಗ.
ಹಾಸು, ಹೊಕ್ಕು, ಗಂಜಿಯ ವಾಸನೆ,
ಆಚೆ ಹೋದ ಲಾಳಿ ಈಚೆ ಬರಲೇಬೇಕು.
ಈ ಹೂವಿಗೆ ಲಾಳಿಯ ಹಂಗಿಲ್ಲ,
ಒಂದೊಂದು ಚುಕ್ಕೆಯೂ ಒಂದು ಗಂಟು.
ಗಂಬಳಿಯನ್ನು ಬೆನ್ನು ಮೇಲೆ ಮಾಡಿ ಹಾಕಿ
ಮೂರು ದಿನ ಅದರೆದುರು ಸುಮ್ಮನೆ ಕೂತೆ.

ನಾಲ್ಕನೆಯ ಬೆಳಗ್ಗೆ ಶಂಕರಪುರದ ಕಟ್ಟೆಗೆ ಮಲ್ಲಿಗೆ ಮುಟ್ಟಿಸಬೇಕಿತ್ತು.
ಒದ್ದೆ ಬಾಳೆನಾರು, ಮೊಗ್ಗು ಅತ್ತ ಎರಡು, ಇತ್ತ ಎರಡು,
ಸುತ್ತಿ, ಒಳಗೆ ತೂರಿಸಿ, ಎಳೆದು —
ಎಳೆದ ಕೈ ಅಲ್ಲೇ ನಿಂತಿತು.

ಬೆರಳಿಗೆ ಗೊತ್ತಿತ್ತು, ಎಂಟನೇ ವಯಸ್ಸಿನಿಂದ.
ನನಗೆ ಮಾತ್ರ ಹೇಳಿರಲಿಲ್ಲ.

ಉಣ್ಣೆ ಚಳ್ಳಕೆರೆಯಿಂದ ಬಂತು.
ಕೆಂಪಿಗೆ ಮಂಜಿಷ್ಠ, ಕಂದಿಗೆ ಅಡಿಕೆಯ ಚೊಗರು.
ನೀಲಿಗೆ, ಊಟಿಗೆ ಹೋದಾಗ ಕೊಂಡ ಸ್ವೆಟರು ಬಿಚ್ಚಿದೆ,
ಈ ಸೆಕೆಯಲ್ಲಿ ಯಾರೂ ಹಾಕದೆ ಹೊಸತಾಗಿಯೇ ಇದ್ದದ್ದು.

ಐದು ಹೂ ಅವರ ಹೂವಿನಂತೆಯೇ ಆದವು.
ಆರನೆಯದಕ್ಕೆ ನೀಲಿ ಮುಗಿಯಿತು.
ಸುಳ್ಳು ಯಾಕೆ, ಒಂದು ಗೇಣು ಉಳಿದಿತ್ತು.
ಬೆರಳು ಕೇಳಲಿಲ್ಲ.
ಬಿಳಿ ಎಳೆ ತೆಗೆದುಕೊಂಡವು, ಅತ್ತ ಎರಡು, ಇತ್ತ ಎರಡು.

ಉಮ್ಮಾಲಿಮ್ಮನಿಗೆ ಈಗ ಕಣ್ಣು ಮಸುಕು.
ಅಂಗೈಯಲ್ಲಿ ಅಂಚು ಸವರುತ್ತಾ ಹೋದರು,
ಒಂದು, ಎರಡು. ಐದು ದಾಟಿ ಕೈ ನಿಂತಿತು.
ಹಿಂದೆ ಹೋಯಿತು. ಮತ್ತೆ ಬಂತು.
ಗೋಡೆಯ ಗಡಿಯಾರ ನೋಡುತ್ತಾ ನಿಂತೆ ನಾನು.

"ಇದರ ಪರಿಮಳ ಎಲ್ಲಿಟ್ಟೆ?" ಅಂದರು.
ಆಮೇಲೆ ಸೊಸೆಯನ್ನು ಕೂಗಿ ಪರ್ಸು ತರಿಸಿ,
"ಅಟ್ಟೆಗೆ ಇವತ್ತು ಎಷ್ಟು?"

ಮದುವೆಗಳ ತಿಂಗಳು, ದರ ಏರಿತ್ತು.
ನಾನು ನಿನ್ನೆಯದು ಹೇಳಿದೆ.