ಉಗುರಿನಡಿಯ ಕೆಂಪು

ಗೂತ್ಯೆನ್ ಬೆಟ್ಟದಿಂದ ಬೆಳಗಿನ ಬಸ್ಸಿಗೆ ಬಂತು
ಯು ಬಿಲಾನಳ ಅಕ್ಕಿ, ಎರಡು ಹತ್ತಿಚೀಲ.
ಒಂದಕ್ಕೆ ಒಂದೇ ಗಂಟು, ಇನ್ನೊಂದಕ್ಕೆ ಎರಡು.
ಚೀಟಿಯಲ್ಲಿ ಮೊಮ್ಮಗನ ಕೋಳಿಕಾಲಿನ ಅಕ್ಷರ:
ಒಂದು ಗಂಟಿನದು ಹದವಾಗಿದೆ ಅನ್ನುತ್ತಾಳೆ ಅಜ್ಜಿ,
ಇನ್ನೊಂದು ಸಪ್ಪೆ ಬಣ್ಣ, ಅವಳಿಗೇ ನಂಬಿಕೆಯಿಲ್ಲ.

ನಾನು ಫೂಜೋ ಕಾರ್ಖಾನೆಯ ರಾತ್ರಿಪಾಳಿಯವಳು.
ನಮ್ಮಲ್ಲಿ ಅಕ್ಕಿಯಿಲ್ಲ, ಮಣ್ಣಿನ ನೆಲವಿಲ್ಲ;
ಐದು ಸಾವಿರ ಲೀಟರಿನ ಉಕ್ಕಿನ ಹಂಡೆ,
ಒಳಗೆ ಅದೇ ಬೂಷ್ಟು, ಅವಳ ಬೂಷ್ಟಿನ ದಾಯಾದಿ,
ಸಕ್ಕರೆ ಕುಡಿದು, ಒತ್ತಿ ಕೊಟ್ಟ ಗಾಳಿ ಉಸಿರಾಡಿ
ಯಾರದೋ ಐಸ್‌ಕ್ರೀಮಿಗೆ, ಯಾರದೋ ಸಾಸೇಜಿಗೆ
ಕೆಂಪು ಬಸಿಯುತ್ತದೆ. ಕಿಟಕಿಗೆ ಕಪ್ಪು ಹಾಳೆ:
ಈ ಬಣ್ಣಕ್ಕೆ ಬಿಸಿಲಾಗದು.

ಬೂಷ್ಟಿಗೆ ಇನ್ನೊಂದು ಗುಣವಿದೆ, ಹೇಳಿಬಿಡುತ್ತೇನೆ.
ಬಣ್ಣ ಹೆರುವ ಹೊಟ್ಟೆಯಲ್ಲೇ ಕೆಲವೊಮ್ಮೆ
ಹಳದಿ ವಿಷವೊಂದು ಅವಳಿಯಾಗಿ ಹುಟ್ಟುತ್ತದೆ,
ಸದ್ದಿಲ್ಲದೆ ಮೂತ್ರಪಿಂಡ ತಿನ್ನುವಂಥದ್ದು.
ಮೂಗಿಗೆ ಸಿಗದು, ನಾಲಿಗೆಗೆ ಸಿಗದು.
ಯಂತ್ರದ ಗೆರೆಯಲ್ಲಿ ಒಂದು ಗೂನು, ಅಷ್ಟೇ.

ಗೂನು ಎದ್ದದ್ದು ಒಂದು ಗಂಟಿನ ಚೀಲದಲ್ಲಿ.

ಭಾನುವಾರ ನಾನೇ ಹೋದೆ. ಫೋನಿನಲ್ಲಿ ಆಡುವ ಮಾತಲ್ಲ.
ಆಗತಾನೆ ಬೆಂದ ಅಕ್ಕಿ ಹರವಿ, ಹೆಪ್ಪು ಕಲಸಿ,
ರಾಶಿ ಮಾಡಿ ಗೋಣಿ ಹೊದಿಸುತ್ತಿದ್ದಳು;
ಎರೆಯುವ ನೀರಿನ ಬಿಸಿ ನೋಡುವ ಹಾಗೆ
ಮೊಣಕೈ ಒಳಗಿಳಿಸಿ,
"ಮೂರನೇ ದಿನ ಬಿಳಿ ಚುಕ್ಕೆ, ಐದಕ್ಕೆ ನಾಚಿಕೆ,
ಎಂಟಕ್ಕೆ ನೆತ್ತರು" ಎಂದಳು, ನಾನು ಕೇಳದೆಯೇ.
ಹಳೆಯ ಕಾಳೊಂದು ಕೊಟ್ಟಳು, ಸೀಳಿ ನೋಡು ಅಂತ.
ನಡುವಿನ ತನಕ ಕೆಂಪು.

ಸಂಖ್ಯೆ ಹೇಳಿದೆ.

ಬಹಳ ಹೊತ್ತು ಗೋಣಿಯ ಅಂಚು ಸರಿಮಾಡಿದಳು.
ಸೊಸೆಯ ಬಾಣಂತನಕ್ಕೆ ಇಳಿಸಿದ ಅಕ್ಕಿಮದ್ಯ ಇದರದ್ದೇ,
ಹಬ್ಬದ ಕೋಳಿಗೆ ಬಳಿದ ಗಸಿ ಇದರದ್ದೇ.
"ಯಾವಾಗಿನಿಂದ?"
ಯಂತ್ರಕ್ಕೆ ನಿನ್ನೆ ಮೊನ್ನೆ ಗೊತ್ತಿಲ್ಲ ಅಂದೆ.

"ನನಗೆ ಗೊತ್ತಿದೆ ಅಂದುಕೊಂಡಿದ್ದೆ" ಎಂದಳು.
ಅತ್ತೆ ಕೊಟ್ಟ ಹೆಪ್ಪಿನ ಗಡಿಗೆ ಎತ್ತಿಕೊಂಡು
ಸುರಿಯಲು ಹೋದವಳು ಬಾಗಿಲಲ್ಲಿ ನಿಂತಳು.
ಆ ಎರಡು ಗಂಟಿನದು ಉಳಿದಿದೆಯೇ, ಹುಡುಗಿ?
ಅದರಿಂದಲೇ ಹೊಸ ಹೆಪ್ಪು ಎಬ್ಬಿಸೋಣ.
ಸಪ್ಪೆಯಾದರೆ ಆಗಲಿ.

ರಾತ್ರಿ ಹಂಡೆಯ ಮುಂದೆ ಕೈಗವಸು ಕಳಚಿದೆ.
ಮೂರು ಸಲ ಸೋಪು ಹಾಕಿದರೂ ಹೋಗಿರಲಿಲ್ಲ
ಹೆಬ್ಬೆರಳ ಉಗುರಡಿ, ಅವಳು ಕೊಟ್ಟ ಕಾಳು.
ನಮ್ಮ ಹಂಡೆಯ ಗೆರೆ ಇನ್ನೊಮ್ಮೆ ಓಡಿಸಿದೆ,
ಯಾರೂ ಹೇಳಿರಲಿಲ್ಲ.